ದೌಲಪ್ಪನವರ ಹದಿನೆಂಟು ಡಿಗ್ರಿ

ಬೆಳಗಿನ ಐದೂ ಮುಕ್ಕಾಲು. ಕಲಬುರಗಿಯ ಕಾಲೇಜೊಂದರ ಲ್ಯಾಬಿನಲ್ಲಿ ದೌಲಪ್ಪ ಗಡಗಡ ಅಲುಗುವ ಯಂತ್ರದ ಮುಚ್ಚಳ ಸರಿಸಿ, ಕರಗಿದ ಐಸ್ ಚೀಲ ತೆಗೆದು ಹೊಸದನ್ನಿಡುತ್ತಾರೆ. ಥರ್ಮಾಮೀಟರ್ ಹದಿನೆಂಟು ಡಿಗ್ರಿ ತೋರಿಸುತ್ತದೆ. ಹೊರಗೆ ಏಪ್ರಿಲ್, ಈ ಹೊತ್ತಿಗೂ ಗೋಡೆಗಳು ಬೆಚ್ಚಗಿವೆ. ನಿನ್ನೆ ಸಂಜೆಯಿಂದ ಐಸ್ ಬದಲಿಸಿದ್ದು ಇದು ಒಂಬತ್ತನೆಯ ಸಲ. ತಮ್ಮೂರು ಕಮಲಾಪುರಕ್ಕೆ ಹೋಗುವ ರಾತ್ರಿಯ ಕೊನೆಯ ಬಸ್ಸನ್ನು ಅವರು ಬೇಕೆಂದೇ ಬಿಟ್ಟಿದ್ದಾರೆ.

ಯಂತ್ರದೊಳಗಿನ ಫ್ಲಾಸ್ಕ್‌ಗಳಲ್ಲಿ ಕೋಟಿ ಕೋಟಿ ಬ್ಯಾಕ್ಟೀರಿಯಾ. ಸಂಶೋಧನಾ ವಿದ್ಯಾರ್ಥಿನಿ ಹೀನಾ ಅವುಗಳೊಳಗೆ ಬೇರೊಂದು ರೋಗಾಣುವಿನ ಜೀನ್ ಸೇರಿಸಿದ್ದಾಳೆ. ಅದರ ಪ್ರಕಾರ ಅವು ಒಂದು ಪ್ರೋಟೀನ್ ತಯಾರಿಸಬೇಕು. ಅದು ಸಿಕ್ಕರೆ ಎಮ್ಮೆಗಳಿಗೆ ಗರ್ಭಪಾತ ಮಾಡಿಸುವ ರೋಗವನ್ನು ಪತ್ತೆಹಚ್ಚಬಹುದು. ಮೂರು ಸಲ ಮಾಡಿ ಮೂರೂ ಸಲ ಕೆಟ್ಟಿದೆ. ಸೆಖೆಗೆ ಬ್ಯಾಕ್ಟೀರಿಯಾ ಅವಸರಪಟ್ಟು, ಪ್ರೋಟೀನ್ ಗಂಟುಗಂಟಾಗಿ ತಳ ಹಿಡಿಯಿತು. ತಿಳಿನೀರಿನಲ್ಲಿ ಕರಗಿದ್ದರಷ್ಟೇ ಅದು ಉಪಯೋಗಕ್ಕೆ ಬರುವುದು. ತಂಪಿನಲ್ಲಿ ಬೆಳೆಸಬೇಕೆಂದು ಹೀನಾಳಿಗೆ ಗೊತ್ತು, ತಂಪು ಹಿಡಿಯದ ಮುದಿ ಯಂತ್ರಕ್ಕೆ ಗೊತ್ತಿರಬೇಕಲ್ಲ. ಬೇಕಾದ ರಾಸಾಯನಿಕ ಉಳಿದಿರುವುದೂ ಇದೊಂದೇ ಸಲಕ್ಕೆ.

ಐಸ್ ಚೀಲದ ಉಪಾಯ ದೌಲಪ್ಪನವರದು. ಪ್ರಾಯ ಐವತ್ತೆರಡು, ಇಲ್ಲಿ ಅಟೆಂಡರ್ ಆಗಿ ಇಪ್ಪತ್ತೊಂದು ವರ್ಷ. ದಿನಕ್ಕೆ ಬ್ಯಾಕ್ಟೀರಿಯಾ ಉಣ್ಣುವ ಆರು ಲೀಟರ್ ಸಾರು ಕುದಿಸುತ್ತಾರೆ, ಎಂಬತ್ತು ಗಾಜಿನ ಪಾತ್ರೆ ತೊಳೆಯುತ್ತಾರೆ. ಕುಕ್ಕರಿನಂಥ ದೊಡ್ಡ ಯಂತ್ರದ ಆವಿ ಬಡಿದು ಮೊಣಕೈ ಸುಟ್ಟ ಕಲೆ ಇನ್ನೂ ಇದೆ. ಪ್ರಬಂಧಗಳ ಕೃತಜ್ಞತೆಯ ಪುಟದಲ್ಲಿ ಅವರ ಹೆಸರು ಹುಡುಕಲು ಹೋಗಬೇಡಿ, ಸಿಗುವುದಿಲ್ಲ.

“ನಮ್ಮೂರ ಕೆಂಪು ಬಾಳಿ ಕಾಯಿದ್ದಾಗೂ ಕೆಂಪೇ, ಹಣ್ಣಾದ್ರೂ ಕೆಂಪೇ. ಬಣ್ಣ ನಂಬಬಾರ್ದು. ನಮ್ಮಪ್ಪ ವಾಸನಿ ನೋಡೇ ಹೇಳ್ತಿದ್ದ. ಅವಸರ ಮಾಡಿ ಬಿಸಿಯಾಗ ಇಟ್ರ ಒಳಗ ಗಂಟ ಉಳೀತದ್ರಿ,” ಎನ್ನುತ್ತಾರೆ, ಉಪಾಯ ಹೊಳೆದದ್ದು ಹೇಗೆಂದು ಕೇಳಿದವರಿಗೆ.

ಆರಕ್ಕೆ ಹೀನಾ ಓಡಿ ಬರುತ್ತಾಳೆ. “ಕಾಕಾ, ಏನಾತು?”

ದೌಲಪ್ಪ ಫ್ಲಾಸ್ಕಿನ ಬಾಯಿಯ ಗಾಳಿಯನ್ನು ಕೈಯಿಂದ ಮೂಗಿನತ್ತ ಬೀಸಿಕೊಳ್ಳುತ್ತಾರೆ. “ವಾಸನಿ ಬೇಸ್ ಅದ ಬೇಟಿ, ಕೆಟ್ಟಿಲ್ಲ. ಉಳಿದದ್ದು ನೀ ನೋಡು.”

ಬ್ಯಾಕ್ಟೀರಿಯಾ ಒಡೆದು, ಗಿರ್ರನೆ ತಿರುಗಿಸಿ, ತಳದ ಗಸಿಯನ್ನೂ ಮೇಲಿನ ತಿಳಿಯನ್ನೂ ಬೇರೆ ಮಾಡಿ, ಪ್ರೋಟೀನ್‌ಗಳನ್ನು ಪಟ್ಟಿಗಳಾಗಿ ತೋರಿಸುವ ಜೆಲ್‌ನಲ್ಲಿ ಓಡಿಸಿ ಬಣ್ಣ ಹಾಕುವಷ್ಟರಲ್ಲಿ ಮಧ್ಯಾಹ್ನ ಎರಡು. ಊಟದ ನೆನಪು ಯಾರಿಗೂ ಇಲ್ಲ. ತಿಳಿಯ ಸಾಲಿನಲ್ಲಿ ಗೋಧಿ ಕಾಳಿನಷ್ಟು ದಪ್ಪದ ಕಡು ನೀಲಿ ಪಟ್ಟಿ ಮೂಡುತ್ತದೆ: ಈ ಸಲ ಪ್ರೋಟೀನ್ ಕರಗಿಯೇ ಇದೆ. ಅಬ್ಬಾ, ಎಂಥ ಸಂತೋಷ! ಹೀನಾ ದೌಲಪ್ಪನವರ ಎರಡೂ ಕೈ ಹಿಡಿದುಕೊಳ್ಳುತ್ತಾಳೆ. ಇಷ್ಟು ವರ್ಷ ಒಂದು ಗಾಜನ್ನೂ ಬೀಳಿಸದ ಕೈಗಳವು.

ಅಷ್ಟರಲ್ಲಿ ಕಮಲಾಪುರದಿಂದ ಹೆಂಡತಿ ಕಸ್ತೂರಿಬಾಯಿಯ ಫೋನು. ಇಪ್ಪತ್ತೊಂದು ವರ್ಷದಿಂದ ಆಕೆಯದು ಒಂದೇ ಚೇಷ್ಟೆ. “ರಾತ್ರಿಯೆಲ್ಲ ನೀರ ಅಲ್ಲಾಡೂದು ನೋಡ್ಕೋತ ಕುಂತಿದ್ರೇನ್ರಿ?”

“ಹೂಂ. ಈ ಸಲ ಬೇಕಾದದ್ದು ಆ ನೀರಾಗೇ ಬಂದದ,” ಎನ್ನುತ್ತಾರೆ ದೌಲಪ್ಪ. “ನಾಳಿ ನೀನೂ ಬಸ್ ಹತ್ತಿ ಬಾ. ತೋರಸ್ತೀನಿ.”