ಅವ್ವನ ಮೊಪೆಡ್ಡು, ರಸ್ತೆಯ ಹುರುಳಿ

ಅವ್ವ ಮೊಪೆಡ್ ತಂದ ದಿನ ನಾನು ಬಸ್‌ಸ್ಟ್ಯಾಂಡಿನಲ್ಲೇ ಇದ್ದೆ. ಶಿವಮೊಗ್ಗದ ಬಸ್ಸಿನ ಟಾಪಿನಿಂದ ಇಬ್ಬರು ಹಮಾಲರು ಹಗ್ಗ ಬಿಗಿದು ಒಂದು ನೀಲಿ ಗಾಡಿ ಇಳಿಸುತ್ತಿದ್ದರು. ಯಾರೋ ಸಾಹುಕಾರರ ಮಗನದಿರಬೇಕು ಅಂದುಕೊಂಡು ನೋಡುತ್ತ ನಿಂತೆ. ಎಲ್ಲರೂ ಇಳಿದ ಮೇಲೆ ಇಳಿದ ಅವ್ವ ಸೀದಾ ಹೋಗಿ ಅದರ ಹ್ಯಾಂಡಲ್ ಹಿಡಿದುಕೊಂಡಳು.

ಅವ್ವ ನ್ಯಾಮತಿಯಲ್ಲಿ ನರ್ಸಾಗಿದ್ದಳು. ಸುತ್ತಲ ಹಳ್ಳಿ, ತಾಂಡಾಗಳ ಹೆರಿಗೆಯೆಲ್ಲ ಅವಳ ಪಾಲಿಗೆ. ಬಸ್ಸು ಸಿಕ್ಕರೆ ಬಸ್ಸು, ಯಾರಾದರೂ ಎತ್ತಿನಗಾಡಿ ಕಳಿಸಿದರೆ ಅದು, ಇಲ್ಲದಿದ್ದರೆ ನಡಿಗೆ. ಎಂಬತ್ತರ ದಶಕದ ನಡುಭಾಗ ಅದು. ನಾನು ಹದಿನೆಂಟರ ಹುಡುಗಿ, ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಅಪ್ಪನದು ಪೇಟೆ ಬೀದಿಯಲ್ಲಿ ದರ್ಜಿ ಅಂಗಡಿ. ಗಾಡಿ ತರುವ ವಿಷಯವನ್ನು ಅವ್ವ ಅಪ್ಪನಿಗೂ ಹೇಳಿರಲಿಲ್ಲ.

ಇದನ್ನು ಓಡಿಸೋರು ಯಾರು ಅಂತ ಅಪ್ಪನ ತಾಯಿ ಕೇಳಿದಳು. ನಾನೇ ಅಂದಳು ಅವ್ವ. ಮದುವೆಗೆ ಮುಂಚೆ ಜಗಳೂರಿನಲ್ಲಿ ಕೆಲಸಕ್ಕಿದ್ದಾಗ ಆಸ್ಪತ್ರೆ ಜವಾನನ ಸೈಕಲ್ಲು ತುಳಿಯುವುದನ್ನು ಕಲಿತಿದ್ದಳಂತೆ. ಹಳ್ಳಿಗಳಿಗೆ ಅದರ ಮೇಲೇ ಹೋಗುತ್ತಿದ್ದಳಂತೆ. ಇಷ್ಟು ವರ್ಷ ಸಂಸಾರ ಮಾಡಿದ ಅಪ್ಪನಿಗೆ ಅದು ಗೊತ್ತೇ ಇರಲಿಲ್ಲ. ಅವನು ಅವ್ವನನ್ನು ಯಾರೋ ಹೊಸಬಳನ್ನು ನೋಡಿದ ಹಾಗೆ ನೋಡಿ, ಊಟ ಮಾಡದೆ ಎದ್ದು ಹೋದ. ಅಜ್ಜಿ ಅವ್ವನ ಹತ್ತಿರ ಮಾತು ಬಿಟ್ಟಳು.

ಆಗಿನ ರಸ್ತೆ ಈಗಿನ ಹಾಗಲ್ಲ. ಬಸ್ಸು ಬಂದಾಗ ಮಾತ್ರ ಅದು ರಸ್ತೆ, ಮಿಕ್ಕ ಹೊತ್ತು ಎಲ್ಲರ ಅಂಗಳ. ನಡುವೆ ಎಮ್ಮೆಗಳು ಮಲಗಿರುತ್ತಿದ್ದವು. ಅಂಗಡಿ ಮುಂದಿನ ಬೆಂಚುಗಳಲ್ಲಿ ಗಂಡಸರು ಬೀಡಿ ಸೇದುತ್ತ ಕೂತಿರುತ್ತಿದ್ದರು. ಹೆಂಗಸರು ಚರಂಡಿಯ ಪಕ್ಕಕ್ಕೆ ಸರಿದು, ಸೆರಗು ಹೊದ್ದು, ತಲೆ ತಗ್ಗಿಸಿ ಹೋಗಬೇಕು. ಅವ್ವನೂ ಹಾಗೇ ಹೋಗುತ್ತಿದ್ದವಳು. ಮೊಪೆಡ್ ಬಂದ ಮೂರನೇ ದಿನ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಾರ್ನ್ ಒತ್ತುತ್ತ ಬೀದಿಯ ನಟ್ಟನಡುವೆ ಹೋದಳು. ಬೆಂಚಿನ ಮೇಲಿದ್ದವರು ಎದ್ದು ನಿಂತರಂತೆ. ಅಪ್ಪ ಅರ್ಧ ಕತ್ತರಿಸಿದ ಬಟ್ಟೆ ಹಾಗೇ ಬಿಟ್ಟು ಒಳಗೆ ಹೋಗಿ ಕೂತನಂತೆ. ಊರಿನ ಜನ ಒಂದು ವಾರ ಬೇರೆ ಮಾತಾಡಲಿಲ್ಲ.

ಸುಗ್ಗಿಯಲ್ಲಿ ನಮ್ಮ ಕಡೆ ಹುರುಳಿ ಕಿತ್ತು ತಂದು ಡಾಂಬರು ರಸ್ತೆಗೆ ಹರಡುತ್ತಾರೆ. ಬಸ್ಸು, ಲಾರಿಗಳ ಗಾಲಿ ಹತ್ತಿ ಇಳಿದು ಕಾಳು ಉದುರುತ್ತದೆ, ಒಕ್ಕುವ ಕೆಲಸ ತಪ್ಪುತ್ತದೆ. ಸವಳಂಗದ ರಸ್ತೆಯಲ್ಲಿ ಅಂಥ ಹುರುಳಿಯ ಮೇಲೆ ಅವ್ವನ ಮೊಪೆಡ್ ಜಾರಿತು. ಯಾರೋ ಓಡಿಬಂದು ಸುದ್ದಿ ಹೇಳಿದರು. ಅಪ್ಪ ಚಪ್ಪಲಿ ಹಾಕದೆ ಓಡಿದ. ಅವ್ವನ ಬಲ ಮುಂಗೈ ಮುರಿದಿತ್ತು, ಮೊಣಕಾಲು ತರಚಿತ್ತು.

ಮರುದಿನ ಹುರುಳಿಯ ಒಡತಿ, ಒಬ್ಬ ಮುದುಕಿ, ಮನೆಗೆ ಬಂದಳು. ಕ್ಷಮೆ ಕೇಳಲು ಬಂದಿರಬೇಕು ಅಂದುಕೊಂಡು ನಾನು ಚಾಪೆ ಹಾಸಿದೆ. ಅವಳು ಕೂರಲಿಲ್ಲ. ಗಾಡಿಯ ಪೆಟ್ರೋಲು ಚೆಲ್ಲಿ ತನ್ನ ಕಾಳೆಲ್ಲ ನಾರುತ್ತಿದೆ ಅಂದಳು. ತಾನು ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಅಲ್ಲೇ ಹರಡುತ್ತಿದ್ದೇನೆ, ಬಸ್ಸಿನ ಡ್ರೈವರುಗಳು ಕೂಡ ನಿಧಾನ ಮಾಡುತ್ತಾರೆ ಅಂದಳು.

"ನಿಮ್ಮಂಥೋರೆಲ್ಲ ಹಿಂಗೆ ಬುರ್ ಅಂತ ಬಂದರೆ ನಾವು ಎಲ್ಲಿಗೆ ಹೋಗಾನ್ರೀ ನರ್ಸಮ್ಮ?"

ನನಗೆ ಸಿಟ್ಟು ಉಕ್ಕಿತು. ಕೈ ಮುರಿದವರ ಮನೆಗೆ ಬಂದು ಹೀಗೆ ಮಾತಾಡುವುದೇ? ಆದರೆ ಅವ್ವ ಪಟ್ಟಿ ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತಳು.

"ತಪ್ಪು ನಂದು ಐತೆ. ಜೋರಾಗಿ ಬಂದೆ. ಕಾಳು ಕಂಡಿತ್ತು, ನಿಲ್ಲಿಸಲಿಲ್ಲ."

ಮುದುಕಿ ಹೊರಟುಹೋದಳು. ಅವ್ವ ತಪ್ಪೊಪ್ಪಿಕೊಂಡಿದ್ದು ಆ ಕೈ ಮುರಿದಿದ್ದಕ್ಕಿಂತ ಹೆಚ್ಚು ನನ್ನನ್ನು ಅಲುಗಾಡಿಸಿತು. ಈಗಲೂ ಆ ಜಗಳದಲ್ಲಿ ಯಾರದು ಸರಿ ಅಂತ ನನಗೆ ತೀರ್ಮಾನಿಸಲು ಆಗಿಲ್ಲ.

ಇನ್ನು ಗಾಡಿ ಮಾರುತ್ತಾಳೆ ಅಂತ ಎಲ್ಲರೂ ಅಂದುಕೊಂಡರು. ಅವ್ವ ಒಂದು ಬೆಳಿಗ್ಗೆ ನನ್ನನ್ನು ಹೈಸ್ಕೂಲ್ ಮೈದಾನಕ್ಕೆ ಕರೆದುಕೊಂಡು ಹೋಗಿ ಸೀಟಿನ ಮೇಲೆ ಕೂರಿಸಿದಳು. ಹತ್ತು ದಿನ ಬಿದ್ದು ಎದ್ದು ಕಲಿತೆ. ಆಮೇಲೆ ಅವಳು ಹಿಂದೆ ಕೂತಳು, ತೊಡೆಯ ಮೇಲೆ ಔಷಧಿ ಚೀಲ. ಪೇಟೆ ಬೀದಿಗೆ ತಿರುಗಿದಾಗ ಬೆಂಚುಗಳ ಕಡೆ ನೋಡುವ ಧೈರ್ಯ ನನಗಿರಲಿಲ್ಲ. ಅಪ್ಪ ಅಂಗಡಿಯಿಂದ ಇಳಿದು ಬೀದಿಯ ನಡುವೆ ಬಂದು ಕೈ ಅಡ್ಡ ಹಿಡಿದ. ಹೊಡೆಯುತ್ತಾನೆ ಅಂದುಕೊಂಡೆ. ಅವನು ಬಗ್ಗಿ, ಹಿಂದಿನ ಚಕ್ರದ ಹತ್ತಿರ ತೂಗುತ್ತಿದ್ದ ನನ್ನ ದಾವಣಿಯ ತುದಿಯನ್ನು ಎತ್ತಿ ನನ್ನ ಕೈಗೆ ಕೊಟ್ಟು ಒಳಗೆ ಹೋದ.

ಎರಡು ದಿನದ ಮೇಲೆ ಅವನು ಕಾಗದದಲ್ಲಿ ಸುತ್ತಿದ ಬಟ್ಟೆ ತಂದು ನನ್ನ ಮುಂದಿಟ್ಟ. ಚೂಡಿದಾರ. ಊರಿನ ಯಾವ ಹುಡುಗಿಗೂ ಹೊಲಿದುಕೊಡುವುದಿಲ್ಲ ಅಂತ ಹಟ ಹಿಡಿದಿದ್ದವನು ಅವನು.

"ದಾವಣಿ ಚಕ್ರಕ್ಕೆ ಸಿಕ್ಕತೈತೆ," ಅಂದ. "ಇದನ್ನ ಹಾಕ್ಕೊಂಡು ಓಡ್ಸು."

ಅಳತೆ ತೆಗೆಯದೆ ಹೊಲಿದಿದ್ದ, ತೋಳು ಮಾತ್ರ ಒಂದಿಷ್ಟು ಉದ್ದವಾಗಿತ್ತು. ಅಜ್ಜಿ ಅವನ ಹತ್ತಿರವೂ ಮಾತು ಬಿಟ್ಟಳು.

ಆ ತಿಂಗಳೇ ಸೂರಗೊಂಡನಕೊಪ್ಪದ ತಾಂಡಾದಿಂದ ಕರೆ ಬಂತು. ಚೊಚ್ಚಲ ಹೆರಿಗೆ, ಮಧ್ಯಾಹ್ನದ ಬಸ್ಸು ಹೋಗಿಯಾಗಿತ್ತು. ಅವ್ವನನ್ನು ಹಿಂದೆ ಕೂರಿಸಿಕೊಂಡು ನಾನೇ ಮೊಪೆಡ್ ಓಡಿಸಿದೆ. ಅವ್ವನ ಒಂದೇ ಕೈ ಸಾಲದೆ ನಾನೂ ಒಳಗೆ ಹೋಗಬೇಕಾಯಿತು. ದೀಪ ಹಿಡಿ, ಬಿಸಿನೀರು ಕೊಡು ಅಂದಷ್ಟು ಮಾಡಿದೆ. ಮಗು ಅತ್ತ ಮೇಲೆಯೇ ನಾನು ದೀಪ ಕೆಳಗಿಟ್ಟೆ. ವಾಪಸು ಬರುವಾಗ, ರಸ್ತೆಯಲ್ಲಿ ಎಲ್ಲಾದರೂ ಹುರುಳಿ ಹರಡಿದ್ದೀತು ಅಂತ ನಾನು ನಿಧಾನ ಓಡಿಸುತ್ತಿದ್ದೆ, ಎತ್ತಿನಗಾಡಿಯೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಅವ್ವ ಬೇಗ ಹೋಗು ಅನ್ನಲಿಲ್ಲ.