ಬೆಟ್ಟಣ್ಣನ ಅಮೈನೋ ಡಬ್ಬಿ

ಜಿಮ್ಮಿನ ಹುಡುಗರು ಅವನನ್ನು ಬೆಟ್ಟಣ್ಣ ಅಂತಲೇ ಕರೆಯುತ್ತಿದ್ದರು. ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬಾರದು, ಅಂಥ ಆಳು. ಹೊಸಬರಿಗೆ ಭಾರ ಎತ್ತುವುದನ್ನು ಕಲಿಸುವುದು ಅವನ ಕೆಲಸ. ಹೆಂಡತಿ ಎದುರು ಬೀದಿಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಅಂಥವನ ಕೈಯಲ್ಲಿ ಒಂದು ಬೆಳಿಗ್ಗೆ, ಮೈಕಟ್ಟಿಗೆಂದು ದಿನಾ ಕಲಸಿ ಕುಡಿಯುತ್ತಿದ್ದ ಅಮೈನೋ ಪುಡಿ ಡಬ್ಬಿಯ ಮುಚ್ಚಳ ತಿರುಗಲಿಲ್ಲ. ಅವಳು ತೆರೆದುಕೊಟ್ಟು, "ಏನ್ರೀ, ಬೆಟ್ಟ ಕರಗಿಹೋಯ್ತಾ?" ಎಂದು ನಕ್ಕಳು.

ಕೆಲವೇ ವಾರಗಳಲ್ಲಿ ಬಲಗೈ ಜೋತುಬಿತ್ತು, ಕಾಲು ಎಡವತೊಡಗಿತು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಅವಳನ್ನು ಕೂರಿಸಿಕೊಂಡು ಹೇಳಿದರು: "ನರಗಳು ಸಾಯ್ತಾ ಇವೆ ಅಮ್ಮಾ. ಅದಕ್ಕೇ ಸ್ನಾಯು ಒಣಗ್ತಾ ಇದೆ. ವಾಪಸ್ ತರೋ ಔಷಧಿ ಇಲ್ಲ."

"ಅವರು ಕುಡಿಯೋ ಪುಡಿ?"

"ಇಟ್ಟಿಗೆ ತಂದು ಸುರಿದ್ರೆ ಗೋಡೆ ಏಳುತ್ತಾ? ಗಾರೆಯವರೇ ಕೆಲಸ ಬಿಟ್ಟಿದಾರೆ."

ಅವನು ಮಾತ್ರ ಒಪ್ಪಲಿಲ್ಲ. "ಸ್ನಾಯು ಆಗೋದೇ ಅಮೈನೋ ಆಸಿಡ್‌ನಿಂದ ಕಣೇ. ಕಡ್ಡಿಯಂಥವರನ್ನ ಕಂಬ ಮಾಡಿದೀನಿ, ನನಗೆ ಪಾಠ ಹೇಳ್ತಾರಾ?" ಒಂದು ಅಳತೆ ಕುಡಿಯುತ್ತಿದ್ದವನು ಎರಡು ಮಾಡಿದ, ಆಮೇಲೆ ಮೂರು. ಪ್ರಯೋಜನವಿಲ್ಲ ಎಂದು ಗೊತ್ತಿದ್ದೂ ಅವಳು ಕಲಸಿಕೊಟ್ಟಳು. ಬೇಡ ಅನ್ನುವುದಕ್ಕೆ ಬಾಯಿ ಬರಲಿಲ್ಲ. ಕುಡಿದಾದ ಮೇಲೆ ಅವನು ಕನ್ನಡಿಯ ಮುಂದೆ ಕೂತು ತೋಳು ಮಡಚಲು ಹೆಣಗುತ್ತಿದ್ದ. ಅವಳು ನೋಡಲಾರದೆ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು.

ಕಾಲು ಸೋತು ಅವನು ಹಾಸಿಗೆ ಹಿಡಿದ, ನಾಲಿಗೆಯೂ ತೊದಲತೊಡಗಿತು. ಒಂದು ದಿನ ಪುಡಿ ಕಲಸಿದ ನೀರಿನ ಗುಟುಕು ಗಂಟಲಲ್ಲೇ ನಿಂತಿತು. ಮುಖ ನೀಲಿಗಟ್ಟಿತು, ಕಣ್ಣು ಮೇಲಾದವು. ಅವನನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿ ಗುದ್ದಿ ಅವಳು ಹೇಗೋ ಉಸಿರು ತಿರುಗಿಸಿದಳು. ಅಂದೇ ಡಬ್ಬಿಯನ್ನು ಕಪಾಟಿನ ಮೇಲೆ ಎತ್ತಿಟ್ಟಳು.

"ಕೊಡೇ ಅದನ್ನ."

"ಇಲ್ಲಾರೀ, ಕೊಡಲ್ಲ."

"ಎದ್ದು ತಗೊಳ್ಳೋಕಾಗಲ್ಲ ಅಂತ ತಾನೇ ಈ ಧೈರ್ಯ?" ಎಂದು ಕೂಗಾಡಿದ. ತೊದಲು ಮಾತಿನ ಆ ಬೈಗುಳ ಅವಳಿಗಲ್ಲದೆ ಯಾರಿಗೂ ಅರ್ಥವಾಗುವಂತಿರಲಿಲ್ಲ. ಎರಡು ದಿನ ಮುಖ ಗೋಡೆಗೆ ತಿರುಗಿಸಿಕೊಂಡೇ ಮಲಗಿದ.

ಮೂರನೆಯ ದಿನ ಮಂಚದಿಂದ ಕುರ್ಚಿಗೆ ಕೂರಿಸುವಾಗ ಅವಳ ಸೊಂಟ ಹಿಡಿದುಕೊಂಡಿತು. ಇಬ್ಬರೂ ದೊಪ್ಪನೆ ನೆಲಕ್ಕೆ ಬಿದ್ದರು. ಕೂಗಿದರೆ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಬಿಕ್ಕಿ ಬಿಕ್ಕಿ ಅತ್ತಳು. "ನನ್ನ ಕೈಲಾಗಲ್ಲಾರೀ. ನಿಜವಾಗ್ಲೂ ಆಗಲ್ಲ."

ಅವನು ಜಿಮ್ಮಿನ ದನಿಯಲ್ಲಿ, ಉಳಿದಿದ್ದಷ್ಟು ದನಿಯಲ್ಲಿ, ಹೇಳಿದ: "ಸೊಂಟ ಬಗ್ಗಿಸ್ತೀಯ, ಅದೇ ತಪ್ಪು. ಮಂಡಿ ಮಡಚು. ನನ್ನನ್ನ ಎದೆಗೆ ಒತ್ತಿ ಹಿಡ್ಕೋ. ಉಸಿರು ಬಿಡ್ತಾ ಏಳು."

ಮೊದಲ ಸಲ ಆಗಲಿಲ್ಲ. ಎರಡನೆಯ ಸಲವೂ ಆಗಲಿಲ್ಲ. ಆಮೇಲೆ ಹೇಗೋ ಕುರ್ಚಿ ಸೇರಿದ. ಏದುಸಿರು ಬಿಡುತ್ತಾ ಕಪಾಟಿನ ಕಡೆ ಕಣ್ಣು ಹಾಯಿಸಿ, "ಆ ಪುಡಿ ಇನ್ನು ನೀನು ಕುಡಿ. ಎತ್ತೋಳು ನೀನು" ಎಂದ. ಆವತ್ತಿನಿಂದ ಅವನು ಅದನ್ನು ಕೇಳಲಿಲ್ಲ. ಕೇಳುವುದನ್ನು ಬಿಟ್ಟನಲ್ಲ ಎಂಬುದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಅವಳು ಕುಡಿಯಲಿಲ್ಲ. ಎತ್ತುವುದನ್ನು ಮಾತ್ರ ಚೆನ್ನಾಗಿ ಕಲಿತಳು. ಚಳಿ ಶುರುವಾಗುವ ಹೊತ್ತಿಗೆ ಅವನನ್ನು ಮಗುವಿನಂತೆ ಎತ್ತಿ ಕಿಟಕಿಯ ಬಳಿ ಕೂರಿಸುತ್ತಿದ್ದಳು. "ಗಟ್ಟಿಯಾದೆ ಕಣೇ" ಎಂದು ಅವನು ತುಟಿ ಅಲ್ಲಾಡಿಸುತ್ತಿದ್ದ. ಗಟ್ಟಿಯಾದದ್ದು ತಾನಲ್ಲ, ಹಗುರವಾದದ್ದು ಅವನು ಎಂದು ಅವಳು ಹೇಳಲಿಲ್ಲ. ಉಸಿರು ನಿಂತ ಬೆಳಿಗ್ಗೆಯೂ ಅವನನ್ನು ಅವಳೇ ಎತ್ತಿದಳು, ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ.