ಪೀಪಾಯಿಗೆ ಹಚ್ಚಿದ ಹರಳೆಣ್ಣೆ

ಮೊನ್ನೆ ನನ್ನ ಹೆಂಡತಿ ಹರಳೆಣ್ಣೆ ಬಿಸಿ ಮಾಡಿ, ಬಟ್ಟಲಲ್ಲಿ ತಂದು ನನ್ನ ಕಾಲ ಹತ್ತಿರ ಇಟ್ಟಳು. ಮಂಡಿ ಹಿಡಿದುಕೊಂಡು ಹದಿನೈದು ದಿನವಾಗಿತ್ತು. ಅಂಗಡಿಯ ಮುಲಾಮುಗಳನ್ನೆಲ್ಲ ಸವರಿ ಸೋತು, ಕೊನೆಗೆ ಅವಳ ತಾಯಿಯ ಕಾಲದ ಮದ್ದಿಗೆ ಬಂದಿದ್ದೆವು. ಬಟ್ಟಲಿನಿಂದ ಆ ವಾಸನೆ ಎದ್ದಿತು ನೋಡಿ... ಮಂದವಾದ, ಸ್ವಲ್ಪ ಕಮಟಾದ, ಗಂಟಲಲ್ಲಿ ಕೂತರೆ ಏಳದ ವಾಸನೆ. ಕಾಲು ಹಿಂದಕ್ಕೆ ಎಳೆದುಕೊಂಡೆ. ಬಿಸಿ ಜಾಸ್ತಿ ಆಯ್ತಾ ಅಂದಳು. ಹೌದು ಅಂದೆ. ಬಿಸಿಯೇನೂ ಜಾಸ್ತಿ ಇರಲಿಲ್ಲ. ಇಷ್ಟು ಸಣ್ಣ ವಿಷಯಕ್ಕೂ ನನ್ನ ಬಾಯಿಗೆ ಮೊದಲು ಬರುವುದು ಸುಳ್ಳೇ.

ಆ ವಾಸನೆ ಬಂದಾಗಲೆಲ್ಲ ನನಗೆ ಕೊಂಡ್ಲಹಳ್ಳಿಯ ಆಚಾರಿ ನೆನಪಾಗುತ್ತಾರೆ.

ಚಳ್ಳಕೆರೆಯಲ್ಲಿ ನಮ್ಮಪ್ಪನದು ಶೇಂಗಾ ಎಣ್ಣೆ ಮಿಲ್ಲು. ಊರಿನ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದಾಗ ನಮ್ಮದೂ ಹಾಕಿತು. ಹಿಂಡಿಯ ವಾಸನೆ ಇನ್ನೂ ಹೋಗದಿದ್ದ ಆ ಖಾಲಿ ಶೆಡ್ಡಿನಲ್ಲಿ ನಾನು ವಿಸ್ಕಿ ಮಾಡಲು ಹೊರಟೆ. ನಮ್ಮ ಸೀಮೆಯ ಜೋಳ, ನಮ್ಮ ಬಾವಿಯ ನೀರು, ಸೀಸೆಯ ಕತ್ತಿಗೆ ಮೊಳಕಾಲ್ಮೂರು ಸೀರೆಯ ರೇಷ್ಮೆ ಅಂಚಿನ ತುಂಡು. ಅವ್ವ ಎಂಟು ದಿನ ನನ್ನ ಜೊತೆ ಮಾತು ಬಿಟ್ಟಳು. ಊರಿನವರು, "ಕುಡಿಯೋರಿಗೆ ಪ್ಯಾಕೆಟ್ ಐತೆ, ನಿನ್ನ ಸೀಸೆ ಯಾರಿಗಪ್ಪ ಬೇಕು?" ಎಂದು ನಕ್ಕರು. ನಕ್ಕವರ ಬಾಯಿ ಮುಚ್ಚಿಸಬೇಕೆಂಬ ಹಟವೇ ನನ್ನನ್ನು ನಡೆಸಿತು. ಕಸುಬಿನ ಮೇಲಿನ ಪ್ರೀತಿ ಅಂತ ಈಗ ಭಟ್ಟಿ ನೋಡಲು ಬರುವವರಿಗೆ ಹೇಳುತ್ತೇನೆ, ಅದು ಬೇರೆ.

ಭಟ್ಟಿ ಇಳಿಸಿದ ವಿಸ್ಕಿಯನ್ನು ಓಕ್ ಮರದ ಪೀಪಾಯಿಯಲ್ಲಿ ತುಂಬಿ ಇಡಬೇಕು. ಬಣ್ಣ, ರುಚಿ ಬರುವುದು ಆ ಮರದಿಂದ. ಇಡೀ ಪೀಪಾಯಿಗಳನ್ನು ಹೊರದೇಶದಿಂದ ಸಾಗಿಸುವುದು ದುಬಾರಿಯೆಂದು ನಾನು ಹಳೆಯ ಪೀಪಾಯಿಗಳ ಹಲಗೆಗಳನ್ನು ಬಿಚ್ಚಿಸಿ, ಕಟ್ಟು ಕಟ್ಟಿಸಿ ತರಿಸಿದೆ. ಬಂದ ಮೇಲೆ ಅವನ್ನು ಜೋಡಿಸುವವರೇ ಸಿಗಲಿಲ್ಲ. ಆಗ ಯಾರೋ ಹೇಳಿದರು, ಕೊಂಡ್ಲಹಳ್ಳಿಯಲ್ಲಿ ಒಬ್ಬರು ಆಚಾರಿ ಇದ್ದಾರೆ, ಎತ್ತಿನಗಾಡಿಯ ಚಕ್ರ ಮಾಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ, ಕಬ್ಬಿಣದ ಪಟ್ಟಿ ಕಾಯಿಸಿ ಮರಕ್ಕೆ ತೊಡಿಸುವ ಕೈ ಅವರದು ಅಂತ.

ಬಂದರು. ಎಪ್ಪತ್ತರ ಹತ್ತಿರದ ಸಣಕಲು ಮನುಷ್ಯ. ಹಲಗೆಯೊಂದನ್ನು ಎತ್ತಿ, ತಿರುಗಿಸಿ, ಬೆರಳಿನ ಗೆಣ್ಣಿನಿಂದ ಬಡಿದು ಕಿವಿಗೊಟ್ಟರು.

"ಚಕ್ರ ಹೊರಗಿನ್ ಭಾರ ತಡೀಬೇಕು, ಇದು ಒಳಗಿನ್ ಭಾರ ತಡೀಬೇಕು. ಅಷ್ಟೇ ಅಲ್ವಾ ಸಾವ್ಕಾರ್ರೇ?"

ಒಳಗೆ ಏನು ತುಂಬುತ್ತೇವೆಂದು ಹೇಳಿದೆ. ಹಲಗೆಯನ್ನು ಕೆಳಗಿಟ್ಟರು. ಮದುವೆಯಾದ ಹೊಸದರಲ್ಲಿ ಕುಡಿದು ಬಂದು ಹೆಂಡತಿಯ ಮೇಲೆ ಕೈ ಮಾಡಿದ್ದರಂತೆ. ಮಾರನೆಯ ದಿನವೇ ನಾಯಕನಹಟ್ಟಿಗೆ ನಡೆದುಹೋಗಿ, ತಿಪ್ಪೇಸ್ವಾಮಿಯ ಮುಂದೆ ಆಣೆ ಮಾಡಿ ಬಂದವರು ಮತ್ತೆ ಹೆಂಡ ಮುಟ್ಟಿರಲಿಲ್ಲ. ಇದನ್ನು ಅವರೇ ನನಗೆ ಹೇಳಿದರು. "ತುಂಬೋದು ನಿಮ್ ಕೆಲ್ಸ, ಸೋರದಂಗೆ ಮಾಡೋದು ನಮ್ದು" ಅಂದು ಟವೆಲ್ಲು ತಲೆಗೆ ಸುತ್ತಿಕೊಂಡರು.

ಅವರ ಕೆಲಸ ನೋಡಲು ನಾನು ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಪಟ್ಟಿಯ ಸುತ್ತ ಸುತ್ತಿಗೆ ಹಾಕುವಾಗ ತೆಲುಗಿನಲ್ಲಿ ಎಣಿಸುತ್ತಿದ್ದರು. ಒಕಟಿ, ರೆಂಡು, ಮೂಡು... ಹದಿನಾರಕ್ಕೆ ಪಟ್ಟಿ ಕೂರಬೇಕು. ಕೂರದಿದ್ದರೆ ಪೂರ್ತಿ ಬಿಚ್ಚಿ ಮೊದಲಿನಿಂದ. ತಮ್ಮ ಕೈಯಿಂದ ಕೆಟ್ಟ ಕೆಲಸ ಹೊರಗೆ ಹೋಗಿಲ್ಲ ಎನ್ನುವ ಹೆಸರೊಂದನ್ನು ಬಿಟ್ಟು ಅವರ ಹತ್ತಿರ ಬೇರೇನೂ ಇರಲಿಲ್ಲ. ಅದನ್ನು ನಾನು ಬಲ್ಲೆ, ಚೆನ್ನಾಗಿ ಬಲ್ಲೆ.

ಆ ಹಲಗೆಗಳ ಒಳಮೈ ಸುಟ್ಟು ಕರ್ರಗಿತ್ತು. ವಿಸ್ಕಿಗೆ ಅದು ಹಾಗೆಯೇ ಇರಬೇಕು. ಚಕ್ರ ಮಾಡುವವರ ಕಣ್ಣಿಗೆ ಮಾತ್ರ ಅದು ಒಣಗಿ ಸತ್ತ ಮರ. ನಮ್ಮ ಬಿಸಿಲಿಗೆ ಚಕ್ರದ ಮರ ಸೀಳದಿರಲೆಂದು ಅವರು ಜೀವಮಾನವೆಲ್ಲ ಹರಳೆಣ್ಣೆ ಹಚ್ಚಿದವರು. ಒಂದು ಬೆಳಿಗ್ಗೆ ನನ್ನ ಹತ್ತಿರ ಬಂದು ಕೇಳಿದರು.

"ಒಳಮೈ ಸುಟ್ಟೈತೆ ಸಾವ್ಕಾರ್ರೇ, ಸೀಳು ಬಿಡ್ತೈತೆ. ಹರಳೆಣ್ಣೆ ಹಚ್ಲಾ?"

ನಾನು ಫೋನಿನಲ್ಲಿದ್ದೆ. ರೇಷ್ಮೆ ಅಂಚಿನ ಬಣ್ಣದ ಬಗ್ಗೆ ಮೊಳಕಾಲ್ಮೂರಿನ ನೇಕಾರರ ಜೊತೆ ಜಗಳ ನಡೆದಿತ್ತು. ಕೈಯಾಡಿಸಿ ಹೂಂ ಅಂದೆ. ಆಚಾರಿಗೆ ಸಮಾಧಾನವಾಗಲಿಲ್ಲ. ಮಾರನೆಯ ದಿನ ಎಣ್ಣೆಯ ಬಟ್ಟಲು ಹಿಡಿದುಕೊಂಡೇ ಬಂದರು. "ಒಳಗೂ ಹಚ್ಲಾ? ಇನ್ನೊಂದ್ಸಲ ಕೇಳೋಣ ಅಂತ ಬಂದೆ." ಆಗ ಕೈಯಲ್ಲಿ ಫೋನೂ ಇರಲಿಲ್ಲ, ಏನೂ ಇರಲಿಲ್ಲ. ಪೀಪಾಯಿಯ ಒಳಗೆ ಏನೂ ಹಚ್ಚಬಾರದೆಂದು ನಾನು ಓದಿಯೂ ಇದ್ದೆ. ಆದರೆ ಅವರು ಕೇಳಿದ್ದು ನನ್ನ ಕಿವಿಯೊಳಗೆ ಇಳಿಯಲೇ ಇಲ್ಲ. "ಹಚ್ರಿ ಆಚಾರ್ರೇ, ನಿಮಗ್ ಗೊತ್ತಿಲ್ಲದ್ದಾ" ಅಂದುಬಿಟ್ಟೆ.

ಹಚ್ಚಿದರು. ಇಪ್ಪತ್ತು ಪೀಪಾಯಿಗಳಿಗೂ.

ಎಂಟು ತಿಂಗಳಾದ ಮೇಲೆ ಮೊದಲ ಪೀಪಾಯಿ ತೆಗೆಯುವ ದಿನ ಬಂತು. ನಡುವೆ ರುಚಿ ನೋಡಬೇಕೆಂದು ಬಲ್ಲವರು ಹೇಳಿದ್ದರು. ಮುಹೂರ್ತಕ್ಕೆ ಮುಂಚೆ ಬಿರಡೆ ಮುಟ್ಟಬಾರದೆಂದು ನಾನೇ ಹಟ ಹಿಡಿದಿದ್ದೆ. ಭಾನುವಾರ ಮಧ್ಯಾಹ್ನ. ನನ್ನ ಮೇಲೆ ಹಣ ಹಾಕಲು ಮನಸ್ಸು ಮಾಡಿದ್ದ ನಾಲ್ಕು ಜನ, ಊರಿನ ಹತ್ತು ಹದಿನೈದು ದೊಡ್ಡವರು. ಆಚಾರಿಗೂ ಹೇಳಿ ಕಳಿಸಿದ್ದೆ. ಪೀಪಾಯಿ ಮಾಡಿದವರೆಂದು ಎಲ್ಲರಿಗೂ ತೋರಿಸುವ ಆಸೆ. ಒಗೆದ ಬಿಳಿ ಅಂಗಿ ಹಾಕಿಕೊಂಡು ಗೋಡೆಯ ಪಕ್ಕ ನಿಂತಿದ್ದರು.

ಕಾಯಿ ಒಡೆದು ಬಿರಡೆ ತೆಗೆದೆವು. ಬಣ್ಣವೇನೋ ಚಿನ್ನದ ಹಾಗಿತ್ತು. ಲೋಟಗಳಿಗೆ ಹಾಕಿ ನೀರು ಬೆರೆಸಿದ ಕೂಡಲೇ ಅದು ಬೆಳ್ಳಗೆ ಮಬ್ಬಾಯಿತು, ನೀರು ಮಜ್ಜಿಗೆಯ ಹಾಗೆ. ಹಣ ಹಾಕಲು ಬಂದಿದ್ದ ಹೋಟೆಲಿನವರೊಬ್ಬರು ಮೂಸಿ ನೋಡಿ ಜೋರಾಗಿ ನಕ್ಕುಬಿಟ್ಟರು.

"ಹರಳೆಣ್ಣೆ ಕಣ್ರೀ ಇದು! ನಮ್ಮಜ್ಜಿ ಮೂಗು ಹಿಡಿದು ಕುಡಿಸ್ತಿದ್ದಳಲ್ಲ, ಅದೇ!"

ಇಡೀ ಶೆಡ್ಡು ನಕ್ಕಿತು. ನನ್ನ ಕಿವಿ ಬಿಸಿಯಾಯಿತು. ಅವತ್ತಿನವರೆಗೂ ನಾನು ಆಚಾರಿಯನ್ನು ಏಕವಚನದಲ್ಲಿ ಕರೆದವನಲ್ಲ.

"ಏನ್ ಬಳಿದೆಯೋ ಒಳಗೆ?"

"ಹರಳೆಣ್ಣೆ, ಸಾವ್ಕಾರ್ರೇ" ಅಂದು ನನ್ನ ಮುಖ ನೋಡಿದರು. ಆ ನೋಟದಲ್ಲಿ ದೂರಿರಲಿಲ್ಲ. ಕಾಯುತ್ತಿದ್ದರು, ಅಷ್ಟೇ. ಹೌದು, ನಾನೇ ಹಚ್ಚಿ ಅಂದಿದ್ದೆ ಎಂದು ಸಾವ್ಕಾರ್ರು ಈಗ ಹೇಳುತ್ತಾರೆ ಅಂತ ಕಾಯುತ್ತಿದ್ದರು. ಒಂದು ಮಾತು. ಅದನ್ನಾಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತೋ...

"ಯಾರನ್ನ ಕೇಳಿ ಹಚ್ಚಿದೆ?" ಅಂದೆ.

ಅವರ ಬಾಯಿ ತೆರೆಯಿತು. ಸುತ್ತ ಕೂತ ದೊಡ್ಡ ಮನುಷ್ಯರನ್ನೊಮ್ಮೆ ನೋಡಿದರು, ನನ್ನನ್ನು ನೋಡಿದರು. ಅಷ್ಟು ಜನರ ಮುಂದೆ ನನ್ನನ್ನು ಸುಳ್ಳನನ್ನಾಗಿ ಮಾಡಲು ಅವರಿಗೆ ಮನಸ್ಸು ಬರಲಿಲ್ಲ. "ತಪ್ಪಾಯ್ತು" ಅಂದರು.

ಅಲ್ಲಿಗೆ ಬಿಡಬಹುದಿತ್ತು. ಯಾರೋ ಹಿಂದಿನಿಂದ, "ಆಚಾರಿಗೇ ಕುಡಿಸ್ರಿ, ಹೊಟ್ಟೆ ಸಾಫಾಗ್ಲಿ" ಅಂದರು. ಮತ್ತೆ ನಗು. ಆ ನಗು ಈಗ ನನ್ನ ಕಡೆಯಿಂದ ಅವರ ಕಡೆಗೆ ತಿರುಗಿದ್ದು ನನಗೆ ಎಷ್ಟು ಹಿತವಾಯಿತೆಂದರೆ, ನಾನೇ ಲೋಟ ತೆಗೆದುಕೊಂಡು ಹೋಗಿ ಅವರ ಮುಂದೆ ಹಿಡಿದೆ.

"ನಾನ್ ಕುಡಿಯಲ್ಲ, ನಿಮಗ್ ಗೊತ್ತೈತಲ್ಲ" ಅಂದರು, ನನಗೊಬ್ಬನಿಗೆ ಕೇಳುವಷ್ಟು ಮೆತ್ತಗೆ.

"ಹರಳೆಣ್ಣೆ ಐತಲ್ಲ, ಔಷಧಿ ಅಂತ ಕುಡಿ."

ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡರು, ತೀರ್ಥ ತೆಗೆದುಕೊಳ್ಳುವವರ ಹಾಗೆ. ಕುಡಿದರು. ಕೆಮ್ಮು ಬಂತು. ಒಗೆದ ಅಂಗಿಯ ಎದೆಯ ಮೇಲೆ ಬಿಳಿ ನೀರು ಇಳಿಯಿತು. ಲೋಟ ಕೆಳಗಿಟ್ಟು, ಯಾರ ಕಡೆಗೂ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದರು. ನಾವು ಊಟಕ್ಕೆ ಕೂತೆವು.

ಈ ಕತೆಯನ್ನು ಊರಿಗೆ ಹಂಚಿದವನೂ ನಾನೇ. ಅವರು ಲೋಟ ಹಿಡಿದ ರೀತಿಯನ್ನು ಟೀ ಅಂಗಡಿಯಲ್ಲಿ ಮಾಡಿ ತೋರಿಸುತ್ತಿದ್ದೆ. ತಿಂಗಳೊಳಗೆ ಹರಳೆಣ್ಣೆ ಆಚಾರಿ ಎನ್ನುವ ಹೆಸರು ಕೊಂಡ್ಲಹಳ್ಳಿಯನ್ನೂ ಮುಟ್ಟಿತು. ಬಾಗಿಲು ಮಾಡಿಸಲು ಬಂದವರು, "ಇದಕ್ಕೂ ಹಚ್ತೀಯೇನಪ್ಪಾ?" ಎಂದು ಕೇಳಿ ನಗುತ್ತಿದ್ದರಂತೆ. ಆಮೇಲೆ ಬರುವುದನ್ನೇ ಬಿಟ್ಟರಂತೆ.

ಒಂದು ದಿನ ಆಚಾರಿ ಕರೆಯದೆಯೇ ಬಂದರು. ಇಪ್ಪತ್ತು ಪೀಪಾಯಿಗಳನ್ನೂ ಖಾಲಿ ಮಾಡಿಸಿ ಬಿಚ್ಚಿದರು. ಪ್ರತಿ ಹಲಗೆಯ ಒಳಮೈಯನ್ನು ಬಾಚಿಯಿಂದ ಕೆತ್ತಿ, ಹಸಿ ಮರ ಕಾಣುವವರೆಗೂ ಕೆತ್ತಿ, ಬೆಂಕಿ ತೋರಿಸಿ, ಮತ್ತೆ ಜೋಡಿಸಿದರು. ಎರಡು ತಿಂಗಳು ಹಿಡಿಯಿತು. ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ನಮ್ಮಲ್ಲಿ ಒಂದು ಲೋಟ ನೀರೂ ಮುಟ್ಟಲಿಲ್ಲ, ಊರಿಂದಲೇ ಬಾಟಲಿಯಲ್ಲಿ ತರುತ್ತಿದ್ದರು. ತೆಲುಗಿನ ಎಣಿಕೆಯೂ ಕೇಳಿಸಲಿಲ್ಲ. ಸುತ್ತಿಗೆಯ ಪೆಟ್ಟನ್ನು ನಾನೇ ಎಣಿಸುತ್ತಿದ್ದೆ. ಹದಿನಾರಕ್ಕೆ ನಿಲ್ಲುತ್ತಿತ್ತು.

ಇವತ್ತು ನನ್ನ ಹೆಸರು ಮಾಡಿರುವ ವಿಸ್ಕಿ ಆ ಪೀಪಾಯಿಗಳದು. ಅದು ಹೊರಬರುವ ಹೊತ್ತಿಗೆ ಆಚಾರಿ ತೀರಿಹೋಗಿ ಏಳು ತಿಂಗಳಾಗಿತ್ತು. ಪೀಪಾಯಿ ಯಾರು ಮಾಡಿದ್ದು ಎಂದು ಬಂದವರು ಕೇಳಿದರೆ, ನಮ್ಮಲ್ಲೇ ಮಾಡಿದ್ದು ಅನ್ನುತ್ತೇನೆ.

ಒಮ್ಮೆ ಅವರ ಮನೆಗೆ ಹೋಗಿದ್ದೆ. ಹೋಗದಿದ್ದರೆ ಚೆನ್ನಾಗಿರುತ್ತಿತ್ತು. ಅವರ ಹೆಂಡತಿ ಚಾಪೆ ಹಾಸಿದರು, ಮಜ್ಜಿಗೆ ಕೊಟ್ಟರು. ಬಹಳ ಹೊತ್ತು ಸೆರಗಿನ ಅಂಚು ತಿರುವುತ್ತ ಕೂತಿದ್ದು, ಆಮೇಲೆ ಕೇಳಿದರು.

"ಸಾವ್ಕಾರ್ರೇ, ಒಂದ್ ಮಾತು. ಮೊದಮೊದ್ಲು 'ನಾನ್ ಅವ್ರನ್ನ ಎಲ್ಡ್ ಸಲ ಕೇಳಿದ್ದೆ ಕಣೇ' ಅಂತಿದ್ರು. ಕೊನಿಕೊನಿಗೆ ಅವ್ರಿಗೇ ಅನುಮಾನ ಬಂದ್ಬಿಡ್ತು. 'ಕೇಳಿದ್ನೋ, ಕೇಳ್ದಂಗೆ ಅನಿಸ್ತೋ' ಅಂತ ಪ್ರಾಣ ಹೋಗೋತಂಕ ಅದೇ ಮಾತು. ನೀವಾದ್ರೂ ಹೇಳ್ರಿ. ಕೇಳಿದ್ರಾ ಅವ್ರು?"

ಅಲ್ಲಿ ಹೋಟೆಲಿನವರಿರಲಿಲ್ಲ, ಹಣ ಹಾಕುವವರಿರಲಿಲ್ಲ. ಗೋಡೆಗೆ ಒರಗಿಸಿಟ್ಟ ಬಾಚಿ, ಸುತ್ತಿಗೆ, ನಾನು, ಆಕೆ. ಅಷ್ಟೇ.

"ಇಲ್ಲಮ್ಮ, ಕೇಳ್ಲಿಲ್ಲ" ಅಂದೆ.

ಆಕೆ ತಲೆ ತಗ್ಗಿಸಿದರು. "ಹಂಗಾದ್ರೆ ಅವ್ರದೇ ತಪ್ಪು ಬಿಡ್ರಿ. ಇಷ್ಟ್ ದಿನ ನಿಮ್ ಮ್ಯಾಲೆ ಸುಮ್ನೆ ಹೊಟ್ಟೆ ಉರ್ಕೊಂಡೆ, ಮನಸ್ಸಿಗೆ ಹಚ್ಕೋಬ್ಯಾಡ್ರಿ" ಅಂದು ಕೈ ಮುಗಿದರು. ಲೋಟದಲ್ಲಿ ಉಳಿದಿದ್ದ ಮಜ್ಜಿಗೆಯನ್ನು ನಾನು ಪೂರ್ತಿ ಕುಡಿದು ಎದ್ದು ಬಂದೆ.

ಆಕೆಯೂ ಕಳೆದ ವರ್ಷ ಹೋದರು. ಇನ್ನು ನಿಜ ಹೇಳೋಣವೆಂದರೆ ಅದು ಬೇಕಿದ್ದವರು ಯಾರೂ ಉಳಿದಿಲ್ಲ. ಇಲ್ಲಿ ಬರೆದಿದ್ದೇನೆ, ಇದರಿಂದ ಯಾರಿಗೂ ಏನೂ ಆಗುವುದಿಲ್ಲ.

ಮೊನ್ನೆ ಹೆಂಡತಿ ಒಂದು ಮಂಡಿ ತಿಕ್ಕಿ ಮುಗಿಸಿ, ಬಟ್ಟಲು ಕೈಯಲ್ಲಿ ಹಿಡಿದುಕೊಂಡು ಕೇಳಿದಳು. "ಆ ಕಾಲಿಗೂ ಹಚ್ಲಾ?" ನಾನು ಬಟ್ಟಲನ್ನೇ ನೋಡುತ್ತಿದ್ದೆ. ಕೇಳಿಸಲಿಲ್ಲವೆಂದುಕೊಂಡು ಇನ್ನೊಂದು ಸಲ ಕೇಳಿದಳು.